ಮೈಸೂರಿನ ಒಂದು ಮಾಂಟೆಸರಿ ಶಾಲೆಯಲ್ಲಿ ಮಗಳ ಮೂರು ವರ್ಷ: ಕೈಯಿಂದ ಕಲಿಯುವ ತರಗತಿಯ ವಿಮರ್ಶೆ

ನಮ್ಮ ಮಗಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿದ್ದಾಗ ಅವಳನ್ನು ಮೈಸೂರಿನಲ್ಲಿ ನಮ್ಮ ಬಡಾವಣೆಯ ಪಕ್ಕದಲ್ಲೇ ಇರುವ ಒಂದು ಮಾಂಟೆಸರಿ ಶಾಲೆಗೆ ಸೇರಿಸಿದೆವು. ಅಲ್ಲಿನ ಮೂರು ವರ್ಷಗಳನ್ನು ಮುಗಿಸಿ ಈ ಜೂನ್‌ನಲ್ಲಿ ಅವಳು ಬೇರೊಂದು ಶಾಲೆಯ ಒಂದನೆಯ ತರಗತಿಗೆ ಹೋಗುತ್ತಿದ್ದಾಳೆ. ಆ ಶಾಲೆ ಏನನ್ನು ಚೆನ್ನಾಗಿ ಮಾಡಿತು, ಎಲ್ಲಿ ಎಡವಿತು ಎಂಬುದನ್ನು, ಮಗುವನ್ನು ಇಂಥ ಕಡೆ ಸೇರಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ತಂದೆತಾಯಂದಿರಿಗಾಗಿ ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನನ್ನ ದೂರುಗಳನ್ನೆಲ್ಲ ಅಲ್ಲಿನವರ ಎದುರಿಗೇ ಹೇಳಿದ್ದೇನೆ, ಅವುಗಳಲ್ಲಿ ಕೆಲವನ್ನು ಅವರು ತಿದ್ದಿಕೊಂಡಿದ್ದಾರೆ. ‘ಮಾಂಟೆಸರಿ’ ಎಂಬ ಹೆಸರನ್ನು ಯಾರು ಬೇಕಾದರೂ ತಮ್ಮ ಶಾಲೆಯ ಫಲಕದ ಮೇಲೆ ಬರೆಸಿಕೊಳ್ಳಬಹುದಾದ್ದರಿಂದ, ಒಂದು ಶಾಲೆಯ ಹೆಸರಿಗಿಂತ ಅಲ್ಲಿ ಏನನ್ನು ನೋಡಬೇಕು ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಭಾವನೆ.

ಶಾಲೆ ನಡೆಯುವುದು ಒಂದು ಹಳೆಯ ಮನೆಯಲ್ಲಿ. ಒಳಗಿನ ಎರಡು ಗೋಡೆಗಳನ್ನು ತೆಗೆಸಿ ದೊಡ್ಡ ಹಜಾರ ಮಾಡಿಕೊಂಡಿದ್ದಾರೆ. ನೆಲ ಹಳೆಯ ಕೆಂಪು ರೆಡ್ ಆಕ್ಸೈಡಿನದು. ಮಗುವಿನ ಎದೆಯ ಎತ್ತರಕ್ಕಿರುವ ತೆರೆದ ಕಪಾಟುಗಳು ಗೋಡೆಯುದ್ದಕ್ಕೂ ಇವೆ, ಒಂದು ಮೂಲೆಯಲ್ಲಿ ಸುರುಳಿ ಸುತ್ತಿದ ಚಾಪೆಗಳು ನಿಂತಿವೆ. ಎರಡೂವರೆ ವರ್ಷದಿಂದ ಆರು ವರ್ಷದವರೆಗಿನ 25 ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಅವರ ಜೊತೆ ಇಬ್ಬರು ಶಿಕ್ಷಕಿಯರು, ಮಕ್ಕಳ ಬಾಯಲ್ಲಿ ಅವರು ‘ಆಂಟಿ’. ಕರಿಹಲಗೆ ಇಲ್ಲ, ಸಾಲು ಬೆಂಚುಗಳಿಲ್ಲ. ತಿಂಗಳಿಗೊಮ್ಮೆ ಒಬ್ಬ ಪೋಷಕರು ಬಂದು ಮೂಲೆಯ ಕುರ್ಚಿಯಲ್ಲಿ ಒಂದು ಗಂಟೆ ಮಾತಿಲ್ಲದೆ ಕುಳಿತು ನೋಡಬಹುದು ಎಂಬುದು ಅಲ್ಲಿನ ನಿಯಮ. ಮೂರು ವರ್ಷಗಳಲ್ಲಿ ಆ ಕುರ್ಚಿಯ ಮೇಲೆ ನಾನು ಏಳು ಬಾರಿ ಕುಳಿತಿದ್ದೇನೆ. ನಾನು ಹೇಳುವ ಬಹುಪಾಲು ಸಂಗತಿಗಳು ಆ ಏಳು ಗಂಟೆಗಳಿಂದ ಬಂದವು.

ಮೊದಲ ಬಾರಿ ಕುಳಿತಾಗ ಕಂಡದ್ದನ್ನು ಮೊದಲು ಹೇಳುತ್ತೇನೆ. ನನ್ನ ಮಗಳು ಕಪಾಟಿನಿಂದ ಸಿಲಿಂಡರ್ ಬ್ಲಾಕ್ ಒಂದನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ಅದು ಉದ್ದನೆಯ ಒಂದು ಮರದ ತುಂಡು. ಅದರಲ್ಲಿ ಹತ್ತು ಕುಳಿಗಳು, ಪ್ರತಿ ಕುಳಿಗೂ ಸರಿಯಾಗಿ ಕೂರುವ ಒಂದೊಂದು ಮರದ ಕೊಂತ (ಉರುಳೆಯಾಕಾರದ ತುಂಡು), ಕೊಂತದ ತಲೆಯ ಮೇಲೆ ಸಣ್ಣ ಹಿಡಿಕೆ. ಇಂಥ ಬ್ಲಾಕುಗಳು ನಾಲ್ಕಿರುತ್ತವೆ: ಒಂದರಲ್ಲಿ ದಪ್ಪ ಮಾತ್ರ ಬದಲಾಗುತ್ತದೆ, ಒಂದರಲ್ಲಿ ಎತ್ತರ ಮಾತ್ರ, ಉಳಿದೆರಡರಲ್ಲಿ ದಪ್ಪವೂ ಎತ್ತರವೂ ಎರಡು ಬೇರೆ ಬೇರೆ ರೀತಿಯಲ್ಲಿ ಒಟ್ಟಿಗೆ ಬದಲಾಗುತ್ತವೆ. ಅವಳು ಹತ್ತನ್ನೂ ಹೊರತೆಗೆದು, ಕಲೆಸಿ, ಒಂದೊಂದಾಗಿ ಕೂರಿಸತೊಡಗಿದಳು. ನಾಲ್ಕನೆಯದನ್ನು ಅದರ ಕುಳಿಗಿಂತ ಒಂದು ಅಳತೆ ದೊಡ್ಡದಾದ ಕುಳಿಗೆ ಹಾಕಿದ್ದು ನನಗೆ ದೂರದಿಂದಲೇ ಕಾಣಿಸಿತು. ಎದ್ದು ಹೋಗಿ ಸರಿಪಡಿಸಬೇಕೆಂದು ಕೈ ತುಡಿಯಿತು. ಪಕ್ಕದಲ್ಲೇ ಇದ್ದ ಆಂಟಿಗೂ ಅದು ಕಂಡಿತ್ತು, ಆದರೆ ಅವರು ಅಲುಗಲಿಲ್ಲ. ಕೊನೆಗೆ ಮಗುವಿನ ಕೈಯಲ್ಲಿ ದಪ್ಪನೆಯ ಒಂದು ಕೊಂತ ಉಳಿಯಿತು, ಬ್ಲಾಕಿನಲ್ಲಿ ಅದು ಹಿಡಿಸದ ಒಂದು ಸಣ್ಣ ಕುಳಿ ಉಳಿಯಿತು. ಅವಳು ಅದನ್ನು ಒತ್ತಿ ನೋಡಿದಳು, ತಿರುಗಿಸಿ ಒತ್ತಿದಳು, ಆಮೇಲೆ ಕೈ ಬಿಟ್ಟು ಸುಮಾರು ಅರ್ಧ ನಿಮಿಷ ಬ್ಲಾಕನ್ನೇ ದಿಟ್ಟಿಸಿದಳು. ಅನಂತರ ತೋರುಬೆರಳಿನಿಂದ ಒಂದೊಂದು ಕೊಂತದ ಅಂಚನ್ನೂ ಸವರಿಕೊಂಡು ಹೋಗಿ, ಅಲುಗಾಡುತ್ತಿದ್ದ ಆ ನಾಲ್ಕನೆಯದನ್ನು ಹಿಡಿದಳು. ಮುಖದಲ್ಲಿ ಸೋಲೂ ಇರಲಿಲ್ಲ, ಯಾರಾದರೂ ಹೊಗಳಲಿ ಎಂಬ ನೋಟವೂ ಇರಲಿಲ್ಲ. ಎಲ್ಲವನ್ನೂ ತೆಗೆದು ಇನ್ನೊಮ್ಮೆ ಮಾಡಿದಳು, ಮತ್ತೊಮ್ಮೆ ಮಾಡಿದಳು. ಮನೆಯಲ್ಲಿ ಒಂದು ಆಟಿಕೆಯ ಹತ್ತಿರ ಐದು ನಿಮಿಷ ನಿಲ್ಲದ ಮಗು ಅದು.

ತಪ್ಪನ್ನು ತೋರಿಸುವುದು ವಸ್ತುವೇ ಆಗಿರಬೇಕು, ದೊಡ್ಡವರಲ್ಲ ಎಂಬುದು ಈ ಪದ್ಧತಿಯ ಅಡಿಪಾಯ. ಅದು ಸಾಧ್ಯವಾಗಬೇಕಾದರೆ ವಸ್ತು ಕರಾರುವಾಕ್ಕಾಗಿ ಇರಬೇಕು. ಕುಳಿ ಒಂದು ಮಿಲಿಮೀಟರ್ ಸಡಿಲವಾದರೂ ತಪ್ಪು ಕೊಂತ ಸರಿಯಾಗಿ ಕೂತಂತೆ ಕಾಣುತ್ತದೆ, ಆಗ ಮಗು ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಈ ಮಾತು ನನಗೆ ಚೆನ್ನಾಗಿ ಮನವರಿಕೆಯಾದದ್ದು ಪಿಂಕ್ ಟವರ್‌ನ ಪ್ರಸಂಗದಲ್ಲಿ. ಗುಲಾಬಿ ಬಣ್ಣದ ಹತ್ತು ಘನಗಳು; ದೊಡ್ಡದರ ಬದಿ 10 ಸೆಂಟಿಮೀಟರ್, ಚಿಕ್ಕದರ ಬದಿ 1 ಸೆಂಟಿಮೀಟರ್, ನಡುವಿನವು ಒಂದೊಂದು ಸೆಂಟಿಮೀಟರ್‌ನಷ್ಟು ಕಿರಿದಾಗುತ್ತ ಬರುತ್ತವೆ. ಬಣ್ಣ ಒಂದೇ, ಆಕಾರ ಒಂದೇ, ಮರ ಒಂದೇ; ಬದಲಾಗುವುದು ಗಾತ್ರ ಮಾತ್ರ. ಮಗು ಒಂದು ಸಲಕ್ಕೆ ಒಂದೇ ಘನವನ್ನು ಕಪಾಟಿನಿಂದ ಚಾಪೆಗೆ ತರಬೇಕು, ಅಂದರೆ ಹತ್ತು ಸಲ ನಡೆಯಬೇಕು. ದೊಡ್ಡದಕ್ಕೆ ಎರಡೂ ಅಂಗೈ ಬೇಕು, ಚಿಕ್ಕದಕ್ಕೆ ಎರಡು ಬೆರಳ ತುದಿ ಸಾಕು. ದೊಡ್ಡದರೊಳಗೆ ಚಿಕ್ಕದರಂಥವು ಸಾವಿರ ಹಿಡಿಯುತ್ತವೆ ಎಂಬುದನ್ನು ಮಗುವಿಗೆ ಆ ವಯಸ್ಸಿನಲ್ಲಿ ಯಾರೂ ಹೇಳುವುದಿಲ್ಲ, ಆದರೆ ತೋಳಿಗೆ ಅದು ಗೊತ್ತಾಗುತ್ತದೆ.

ಎರಡನೆಯ ವರ್ಷದ ನಡುವೆ ಆ ಅತಿ ಚಿಕ್ಕ ಘನ ಕಳೆದುಹೋಯಿತು. ಯಾವುದೋ ಮಗುವಿನ ಜೇಬಿನಲ್ಲಿ ಮನೆಗೆ ಹೋಗಿರಬೇಕು. ಶಾಲೆಯವರು ಬಡಗಿಯೊಬ್ಬರಿಂದ ಮತ್ತೊಂದನ್ನು ಮಾಡಿಸಿ ಅದೇ ಗುಲಾಬಿ ಬಣ್ಣ ಬಳಿಸಿದರು, ಆದರೆ ಅದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪವಾಗಿ ಬಂದಿತ್ತು. ನೋಡುವವರಿಗೆ ಇದು ದೊಡ್ಡ ವಿಷಯವೆನಿಸದು. ಆದರೆ ಘನಗಳನ್ನೆಲ್ಲ ಒಂದು ಮೂಲೆಗೆ ಹೊಂದಿಸಿ ಪೇರಿಸಿದಾಗ ಪ್ರತಿ ಘನದ ಮೇಲೂ ಸರಿಯಾಗಿ ಒಂದು ಸೆಂಟಿಮೀಟರ್ ಅಗಲದ ಮೆಟ್ಟಿಲು ಉಳಿಯುತ್ತದೆ. ಆ ಚಿಕ್ಕ ಘನವನ್ನು ಕೆಳಗಿನಿಂದ ಮೇಲಿನವರೆಗೆ ಪ್ರತಿ ಮೆಟ್ಟಿಲ ಮೇಲೂ ಇಟ್ಟು ನೋಡುವುದು ಸ್ವಲ್ಪ ದೊಡ್ಡ ಮಕ್ಕಳ ಅಚ್ಚುಮೆಚ್ಚಿನ ಕೆಲಸ. ಹೊಸ ಘನ ಮೆಟ್ಟಿಲಿಂದ ಹೊರಗೆ ಚಾಚಿಕೊಂಡಿತು. ಐದು ವರ್ಷದ ಹುಡುಗನೊಬ್ಬ ಅದನ್ನು ಆಂಟಿಯ ಬಳಿ ತಂದು, "ಇದು ಇದರದ್ದಲ್ಲ" ಎಂದನಂತೆ. ಆ ಮಗುವಿನ ಬೆರಳು ಹಿಡಿದ ವ್ಯತ್ಯಾಸ ಕೂದಲೆಳೆಯಷ್ಟು. ಅದನ್ನು ಹಿಡಿಯುವಂತೆ ಆ ಬೆರಳನ್ನು ತಯಾರು ಮಾಡಿದ್ದು ಇದೇ ಶಾಲೆ ಎಂಬುದು ನಿಜ. ಸರಿಯಳತೆಯ ಘನವನ್ನು ತರಿಸಲು ನಾಲ್ಕು ತಿಂಗಳು ತೆಗೆದುಕೊಂಡದ್ದೂ ಇದೇ ಶಾಲೆ.

ಈ ಕರಾರುವಾಕ್ಕುತನಕ್ಕೆ ಒಂದು ಹಿನ್ನೆಲೆ ಇದೆ. ಮಾರಿಯಾ ಮಾಂಟೆಸರಿ ಮೊದಲು ವೈದ್ಯೆ, ಆಮೇಲೆ ಶಿಕ್ಷಕಿ. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಅವರು ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ನಡುವೆ ಕೆಲಸ ಮಾಡುವಾಗ, ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗಾಂ ಅವರ ಬರಹಗಳನ್ನು ಓದಿ, ಅವರ ಸಾಧನಗಳನ್ನು ತಿದ್ದಿ ಬಳಸಿದರು. 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ತೆರೆಯಿತು. ನಮಗೆ ಹತ್ತಿರದ ಕಥೆ 1939ರದು. ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಅವರು ಮಗ ಮಾರಿಯೊ ಜೊತೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದದ್ದರಿಂದ ಶತ್ರುದೇಶದ ಪ್ರಜೆಗಳಾಗಿ 1946ರವರೆಗೆ ಇಲ್ಲೇ ಉಳಿಯಬೇಕಾಯಿತು. ಅದರಲ್ಲಿ ಕೆಲವು ವರ್ಷ ಕೊಡೈಕೆನಾಲ್‌ನಲ್ಲಿ ಕಳೆದರು. ಆ ಅವಧಿಯಲ್ಲಿ ಅವರಿಂದಲೇ ತರಬೇತಿ ಪಡೆದ ಶಿಕ್ಷಕರು ದಕ್ಷಿಣ ಭಾರತದಲ್ಲೂ ಇದ್ದರು. ನಮ್ಮ ಶಾಲೆಯ ಮುಖ್ಯಸ್ಥೆ ಬೆಂಗಳೂರಿನಲ್ಲಿ ಪೂರ್ಣ ಒಂದು ವರ್ಷದ ತರಬೇತಿ ಪಡೆದವರು. ಪ್ರತಿ ಸಾಧನವನ್ನು ಮಗುವಿಗೆ ಹೇಗೆ ತೋರಿಸಬೇಕೆಂದು ಆಗ ಕೈಯಾರೆ ಬರೆದಿಟ್ಟುಕೊಂಡ ದಪ್ಪ ಕಡತಗಳು ಇಂದಿಗೂ ಅವರ ಮೇಜಿನ ಮೇಲಿವೆ. ಅವರು ಒಂದು ಸಾಧನವನ್ನು ಮಗುವಿನ ಮುಂದೆ ಇಡುವಾಗ ಕೈಗಳು ಎಷ್ಟು ನಿಧಾನವಾಗಿ, ಎಷ್ಟು ಕಡಿಮೆ ಮಾತಿನಲ್ಲಿ ಚಲಿಸುತ್ತವೆ ಎಂಬುದನ್ನು ನೋಡಿಯೇ ನಾವು ಮಗಳನ್ನು ಸೇರಿಸಿದ್ದು. ಆ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಇನ್ನು ಬಟ್ಟೆಯ ಪೆಟ್ಟಿಗೆಯ ವಿಷಯ. ನಮ್ಮದು ಮಾವನವರ ಕಾಲದಿಂದ ನಡೆದುಬಂದಿರುವ ಜವಳಿ ಅಂಗಡಿಯಾದ್ದರಿಂದ ಇದರ ಬಗ್ಗೆ ನಾನು ಸ್ವಲ್ಪ ಅಧಿಕಾರದಿಂದಲೇ ಮಾತನಾಡಬಲ್ಲೆ. ಸ್ಪರ್ಶದ ಸಾಧನಗಳಲ್ಲಿ ಇದೊಂದು: ಬೇರೆ ಬೇರೆ ಬಟ್ಟೆಗಳ ಒಂದೇ ಅಳತೆಯ ಚೌಕಗಳು, ಪ್ರತಿ ಬಟ್ಟೆಯದು ಎರಡೆರಡು. ಮಗು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕೈತೊಳೆದು ಒರೆಸಿಕೊಳ್ಳುತ್ತದೆ, ಬೆರಳ ತುದಿ ಚುರುಕಾಗಲಿ ಎಂದು. ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಒಂದು ಚೌಕವನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಮೆಲ್ಲಗೆ ಉಜ್ಜಿ, ಅದರ ಜೋಡಿಯನ್ನು ಉಳಿದವುಗಳ ರಾಶಿಯಲ್ಲಿ ಹುಡುಕುತ್ತದೆ. ನಾನು ಎರಡನೆಯ ಬಾರಿ ಕುರ್ಚಿಯಲ್ಲಿ ಕುಳಿತಿದ್ದಾಗ ನಾಲ್ಕು ವರ್ಷದ ಒಂದು ಮಗು ಈ ಕೆಲಸ ಮಾಡುತ್ತಿತ್ತು. ಆಂಟಿ ಅದರ ಪಕ್ಕ ನೆಲದ ಮೇಲೆ ಕುಳಿತು, "ಒತ್ತಬೇಡ ಪುಟ್ಟ, ಹೂವಿನೆಸಳು ಮುಟ್ಟಿದ ಹಾಗೆ ಮುಟ್ಟು" ಎಂದಷ್ಟೇ ಹೇಳಿದರು. ಮಗು ಎರಡು ಚೌಕಗಳನ್ನು ಮತ್ತೆ ಮತ್ತೆ ಉಜ್ಜುತ್ತ ಬಹಳ ಹೊತ್ತು ಅನುಮಾನಿಸಿತು, ಕೊನೆಗೂ ತಪ್ಪು ಜೋಡಿ ಮಾಡಿತು. ಪೆಟ್ಟಿಗೆ ಮುಚ್ಚುವ ಮೊದಲು ನಾನು ಅನುಮತಿ ಕೇಳಿ ಮುಟ್ಟಿ ನೋಡಿದೆ. ತಪ್ಪು ಮಗುವಿನದಾಗಿರಲಿಲ್ಲ. ‘ರೇಷ್ಮೆ’ ಎಂದು ಇಟ್ಟದ್ದು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ; ‘ಸ್ಯಾಟಿನ್’ ಎಂದು ಇಟ್ಟದ್ದು ಪಾಲಿಯೆಸ್ಟರ್. ಎರಡೂ ಬೆರಳಿಗೆ ಹೆಚ್ಚುಕಡಿಮೆ ಒಂದೇ. ‘ಉಣ್ಣೆ’ ಎಂಬುದರಲ್ಲಿ ಉಣ್ಣೆಯ ಸುಳಿವೇ ಇರಲಿಲ್ಲ. ಪೆಟ್ಟಿಗೆಯನ್ನು ಸಿದ್ಧವಾಗಿ ಕೊಂಡು ತಂದಿದ್ದರು, ಬಿಚ್ಚಿ ಮುಟ್ಟಿ ನೋಡಿರಲಿಲ್ಲ.

ಮೈಸೂರಿನಲ್ಲಿ ಹೀಗಾದದ್ದು ನನಗೆ ನಿಜಕ್ಕೂ ನೋವು ತಂದಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ರೇಷ್ಮೆ ನೇಯ್ಗೆಯ ಕಾರ್ಖಾನೆ ಇಂದಿಗೂ ನಡೆಯುತ್ತಿರುವ ಊರು ಇದು; ಇಲ್ಲಿನ ಮಕ್ಕಳ ಬೆರಳಿಗೆ ರೇಷ್ಮೆಯೆಂದು ಬೇರೇನನ್ನೋ ಕೊಡಬಾರದು. ಮರುವಾರ ಅಂಗಡಿಯ ಕತ್ತರಿಸಿ ಉಳಿದ ತುಂಡುಗಳಿಂದ ಹೊಸ ಪೆಟ್ಟಿಗೆ ಮಾಡಿದೆ. ಮೈಸೂರು ರೇಷ್ಮೆಯ ಕ್ರೇಪ್, ಅದರ ಪಕ್ಕಕ್ಕೆ ಹುರಿ ಹಾಕದ ಸಾದಾ ರೇಷ್ಮೆ, ಮಗ್ಗದ ಖಾದಿ, ಗಿರಣಿಯ ಮಲ್ಮಲ್, ಗೋಣಿಯ ತಾಟು, ಸಂತೆಯಲ್ಲಿ ಕೊಂಡ ಕುರಿಯುಣ್ಣೆಯ ಕರಿಯ ಕಂಬಳಿಯಿಂದ ಎರಡು ಚೌಕ. ಕ್ರೇಪಿನ ನೂಲಿಗೆ ಹೆಚ್ಚು ಹುರಿ ಹಾಕಿರುವುದರಿಂದ ಅದು ಕಣ್ಣಿಗೆ ನುಣುಪಾಗಿ ಕಂಡರೂ ಬೆರಳಿಗೆ ಕಂಡೂ ಕಾಣದಷ್ಟು ಸಣ್ಣ ತರಿ ಸಿಗುತ್ತದೆ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುವುದರಿಂದ ಹೊಸದರಲ್ಲಿ ಅದು ಬಿರುಸಾಗಿ ಚುಚ್ಚುತ್ತದೆ. ಎಲ್ಲ ಚೌಕಗಳ ಅಂಚನ್ನೂ ಒಂದೇ ರೀತಿ ಜಿಗ್‌ಜಾಗ್ ಕತ್ತರಿಯಿಂದ ಕತ್ತರಿಸಿದೆ, ಏಕೆಂದರೆ ಅಂಚಿನ ನೂಲು ಬಿಚ್ಚಿದರೆ ಮಗು ಬಟ್ಟೆಯನ್ನು ಬಿಟ್ಟು ಅಂಚಿನ ಗುರುತು ಹಿಡಿಯುತ್ತದೆ. ಮುಖ್ಯಸ್ಥೆ ಹಳೆಯ ಪೆಟ್ಟಿಗೆಯನ್ನು ಅಂದೇ ತೆಗೆದಿಟ್ಟರು, ತಪ್ಪನ್ನು ಒಪ್ಪಿಕೊಳ್ಳಲು ಒಂದು ಕ್ಷಣವೂ ಹಿಂಜರಿಯಲಿಲ್ಲ. ಶಾಲೆಯ ಬಗ್ಗೆ ನನಗಿರುವ ಗೌರವಕ್ಕೆ ಅದೂ ಒಂದು ಕಾರಣ.

ಆ ಪೆಟ್ಟಿಗೆಯ ಫಲ ಮನೆಗೂ ಬಂತು. ನಮ್ಮ ಅತ್ತೆಯವರು ಬಾಗಲಕೋಟೆ ಕಡೆಯವರು, ಮನೆಯಲ್ಲಿ ಉಡುವುದು ಇಳಕಲ್ ಸೀರೆ. ಇಳಕಲ್ಲಿನಲ್ಲಿ ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿರುವುದುಂಟು. ಒಡಲಿನ ಹಾಸುನೂಲಿಗೆ (ಉದ್ದದ ನೂಲಿಗೆ) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಒಂದು ಸಂಜೆ ಮಗಳು ಅಜ್ಜಿಯ ತೊಡೆಯ ಮೇಲೆ ಮಲಗಿಕೊಂಡು, ಕಣ್ಣು ಮುಚ್ಚಿ, ಸೀರೆಯನ್ನು ಬೆರಳಿನಿಂದ ಸವರುತ್ತ ಹೋದವಳು ಥಟ್ಟನೆ ಕೈ ನಿಲ್ಲಿಸಿ, "ಅಜ್ಜಿ, ನಿನ್ನ ಸೀರೆಯಲ್ಲಿ ಎರಡು ಬಟ್ಟೆ ಇದೆ, ಇಲ್ಲಿ ಅಂಟಿಕೊಂಡಿದೆ" ಎಂದಳು. ಬೆರಳು ನಿಂತದ್ದು ಸರಿಯಾಗಿ ಕೊಂಡಿಯ ಗೆರೆಯ ಮೇಲೆ. ಐವತ್ತು ವರ್ಷದಿಂದ ಇಳಕಲ್ ಉಟ್ಟ ಅತ್ತೆಯವರು ಆ ಸಂಜೆ ಅವಳಿಗೆ ತಮ್ಮ ಪೆಟ್ಟಿಗೆಯ ಸೀರೆಗಳನ್ನೆಲ್ಲ ತೆಗೆದು ಮುಟ್ಟಿಸಿದರು.

ಮುಟ್ಟಿದ ಅನುಭವಕ್ಕೆ ಹೆಸರು ಕೊಡುವ ಹಂತದಲ್ಲಿ ನನಗೂ ಶಾಲೆಗೂ ದೀರ್ಘವಾದ ಭಿನ್ನಾಭಿಪ್ರಾಯ ಇತ್ತು. ಹೆಸರು ಹೇಳಿಕೊಡುವುದಕ್ಕೆ ಇಲ್ಲಿ ಸೆಗಾಂ ಅವರಿಂದ ಬಂದ ಮೂರು ಹಂತದ ಪಾಠವಿದೆ: ಮೊದಲು "ಇದು ನುಣುಪು, ಇದು ಒರಟು" ಎಂದು ಮುಟ್ಟಿಸಿ ಹೇಳುವುದು, ಆಮೇಲೆ "ನುಣುಪಾದದ್ದನ್ನು ಕೊಡು" ಎಂದು ಕೇಳುವುದು, ಕೊನೆಗೆ "ಇದು ಹೇಗಿದೆ?" ಎಂದು ಮಗುವಿನಿಂದಲೇ ಹೇಳಿಸುವುದು. ಪಾಠ ಸೊಗಸಾದದ್ದು. ಆದರೆ ಮೊದಲ ಒಂದೂವರೆ ವರ್ಷ ಅದು ಪೂರ್ತಿ ಇಂಗ್ಲಿಷಿನಲ್ಲೇ ನಡೆಯಿತು, ಕೋಣೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಕನ್ನಡ ಆಡುವವರಾಗಿದ್ದರೂ. ‘ರಫ್’, ‘ಸ್ಮೂತ್’ ಎಂಬ ಎರಡು ಪದಗಳಲ್ಲಿ ಸ್ಪರ್ಶದ ಲೋಕ ಮುಗಿಯಿತು. ನುಣುಪು, ನಯ, ಒರಟು, ತರಿತರಿ, ಜಿಗುಟು, ಗರಿಗರಿ, ಮೆತ್ತಗೆ, ಬಿರುಸು ಎಂದು ನಾವು ಅಂಗಡಿಯಲ್ಲೂ ಅಡುಗೆಮನೆಯಲ್ಲೂ ದಿನವಿಡೀ ಆಡುವ ಮಾತುಗಳಿಗೆ ಆ ಕೋಣೆಯಲ್ಲಿ ಜಾಗ ಇರಲಿಲ್ಲ. ಬೇರೆ ಬೇರೆ ಬಿಸಿಯ ನೀರು ತುಂಬಿದ ಬಾಟಲಿಗಳನ್ನು ಮುಟ್ಟಿ ಹೊಂದಿಸುವ ಸಾಧನವೂ ಅಲ್ಲಿದೆ; ಉಗುರುಬೆಚ್ಚಗೆ ಎಂಬ ನಮ್ಮ ಪದದಲ್ಲಿ ಬಿಸಿಯ ಅಳತೆಯೂ ಇದೆ, ಅಳೆಯುವ ಬೆರಳೂ ಇದೆ. ರುಚಿಯ ಬಾಟಲಿಗಳಲ್ಲಿ ಸಿಹಿ, ಹುಳಿ, ಉಪ್ಪು, ಕಹಿ ನಾಲ್ಕೇ. ನೆಲ್ಲಿಕಾಯಿ ಕಚ್ಚಿದ ಯಾವ ಮಗುವಿಗೂ ಐದನೆಯದಾಗಿ ಒಗರು ಗೊತ್ತು, ಆದರೆ ಅದರ ಹೆಸರನ್ನು ಯಾರೂ ಕೇಳಲಿಲ್ಲ. ಇಂದ್ರಿಯಕ್ಕೆ ಈಗಾಗಲೇ ಗೊತ್ತಿರುವುದಕ್ಕೆ ಮನೆಯ ಮಾತಿನ ಹೆಸರು ಮೊದಲು ಸಿಗಬೇಕು, ಬೇರೆ ಭಾಷೆಯ ಹೆಸರು ಆಮೇಲೆ ತಾನಾಗಿ ಬರುತ್ತದೆ ಎಂದು ನಾನು ಎರಡು ಪೋಷಕರ ಸಭೆಗಳಲ್ಲಿ ವಾದಿಸಿದೆ. ಕೆಲವು ಪೋಷಕರು ಒಪ್ಪಲಿಲ್ಲ. ಇಂಗ್ಲಿಷ್ ಕಲಿಯಲೆಂದೇ ಶುಲ್ಕ ಕಟ್ಟುತ್ತಿದ್ದೇವೆ ಎಂದರು. ಎರಡನೆಯ ವರ್ಷದ ಜನವರಿಯಿಂದ ಶಾಲೆ ಹೆಸರಿನ ಪಾಠವನ್ನು ಮೊದಲು ಕನ್ನಡದಲ್ಲಿ, ಕೆಲವು ದಿನ ಬಿಟ್ಟು ಇಂಗ್ಲಿಷಿನಲ್ಲಿ ಮಾಡತೊಡಗಿತು. ಒಗರು ಸೇರಿತು, ನೆಲ್ಲಿಕಾಯಿಯ ರಸದ ಐದನೆಯ ಬಾಟಲಿ ಬಂತು.

ಧ್ವನಿಯ ಪೆಟ್ಟಿಗೆಗಳು ಚೆನ್ನಾಗಿದ್ದವು: ಆರು ಜೋಡಿ, ಅಲುಗಿಸಿ ಕಿವಿಯಿಂದ ಹೊಂದಿಸುವಂಥವು. ವಾಸನೆಯ ಸೀಸೆಗಳು ಮಾತ್ರ ಸದಾ ಹಳಸಿರುತ್ತಿದ್ದವು. ಜೀರಿಗೆಯನ್ನೂ ಕಾಫಿಪುಡಿಯನ್ನೂ ಹದಿನೈದು ದಿನಕ್ಕೊಮ್ಮೆ ಬದಲಿಸದಿದ್ದರೆ ಮಗು ಮೂಸುವುದು ಬರಿಯ ಸೀಸೆಯನ್ನು. ಬಣ್ಣದ ಮೂರನೆಯ ಪೆಟ್ಟಿಗೆಯಲ್ಲಿ ಒಂಬತ್ತು ಬಣ್ಣ, ಒಂದೊಂದಕ್ಕೂ ಕಡುವಿನಿಂದ ತಿಳಿಗೆ ಏಳು ಛಾಯೆ, ಒಟ್ಟು 63 ಹಲಗೆಗಳು. ಕಿಟಕಿಯ ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟಿದ್ದರಿಂದ ಗುಲಾಬಿಯ ತಿಳಿ ಛಾಯೆಗಳೆರಡು ಒಂದೇ ಆಗಿಹೋಗಿದ್ದವು. ಹೇಳಿದ ಮೇಲೆ ಕಪಾಟಿನ ಜಾಗ ಬದಲಾಯಿತು, ಮಾಸಿದ ಹಲಗೆಗಳು ಬದಲಾಗಲಿಲ್ಲ.

ನನ್ನ ಅತಿ ದೊಡ್ಡ ದೂರು ಸ್ಯಾಂಡ್‌ಪೇಪರ್ ಅಕ್ಷರಗಳದು. ನುಣುಪಾದ ಹಲಗೆಯ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿದ ಅಕ್ಷರವನ್ನು ಅಂಟಿಸಿರುತ್ತಾರೆ. ಮಗು ತೋರುಬೆರಳು ಮತ್ತು ಮಧ್ಯದ ಬೆರಳಿನಿಂದ, ಬರೆಯುವ ದಿಕ್ಕಿನಲ್ಲೇ, ಅದರ ಮೇಲೆ ಸವರುತ್ತ ಅದರ ಉಚ್ಚಾರಣೆಯನ್ನು ಕೇಳುತ್ತದೆ, ಹೇಳುತ್ತದೆ. ಬೆರಳು ಗೆರೆಯಿಂದ ಜಾರಿದರೆ ನುಣುಪು ತಗಲಿ ತಪ್ಪು ತಾನಾಗಿ ತಿಳಿಯುತ್ತದೆ. ಪೆನ್ಸಿಲ್ ಹಿಡಿಯುವ ಮೊದಲೇ ಕೈಗೆ ಅಕ್ಷರದ ದಾರಿ ಗೊತ್ತಾಗಿರುತ್ತದೆ. ಶಾಲೆಯ ಇಂಗ್ಲಿಷ್ ಅಕ್ಷರಗಳ ಸೆಟ್ ಅಚ್ಚುಕಟ್ಟಾಗಿತ್ತು. ಕನ್ನಡದ 49 ಅಕ್ಷರಗಳ ಸೆಟ್ ಮಾತ್ರ ಕಂಪ್ಯೂಟರಿನ ಅಚ್ಚಿನ ಅಕ್ಷರವನ್ನು ದೊಡ್ಡದು ಮಾಡಿ ಕತ್ತರಿಸಿದ್ದು. ಅಚ್ಚಿನ ಅಕ್ಷರದಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು; ತೆಳುವಾದ ಕಡೆ ಮಗುವಿನ ಎರಡು ಬೆರಳು ಗೆರೆಯ ಮೇಲೆ ಹಿಡಿಸುವುದೇ ಇಲ್ಲ. ಎಲ್ಲಿಂದ ಆರಂಭಿಸಬೇಕೆಂಬ ಗುರುತೂ ಇರಲಿಲ್ಲ. ಕನ್ನಡದ ಅಕ್ಷರ ಬಳ್ಳಿಯಂತೆ ಸುತ್ತಿಕೊಳ್ಳುವಂಥದು. ಒಳಸುಳಿಯಿಂದ ಹೊರಡಬೇಕೋ ತಲೆಕಟ್ಟಿನಿಂದ ಹೊರಡಬೇಕೋ ಎಂಬುದು ಕೈಗೆ ಒಂದೇ ರೀತಿ ಕೂರದಿದ್ದರೆ ಬರವಣಿಗೆ ಮುಂದೆ ತಡವರಿಸುತ್ತದೆ. ಒಬ್ಬ ಆಂಟಿ ತಲೆಕಟ್ಟನ್ನು ಮೊದಲು ಸವರಿಸುತ್ತಿದ್ದರು, ಇನ್ನೊಬ್ಬರು ಕೊನೆಗೆ. ಜೊತೆಗೆ ಬಳಸಿದ ಕಾಗದ ಮರ ಉಜ್ಜುವಷ್ಟು ಒರಟು. ನಾಲ್ಕೈದು ಅಕ್ಷರ ಸವರಿದ ಮೇಲೆ ಮಗಳ ಬೆರಳ ತುದಿ ಕೆಂಪಾಗಿರುತ್ತಿತ್ತು, ಆ ಹಲಗೆಗಳ ಹತ್ತಿರ ಅವಳು ತಾನಾಗಿ ಹೋಗುತ್ತಿರಲಿಲ್ಲ. ದುಂಡಗೆ ಬರೆಯುವ ಒಬ್ಬರಿಂದ ಅಕ್ಷರ ಬರೆಸಿ, ಒಂದೇ ದಪ್ಪದ ಗೆರೆಯಲ್ಲಿ, ನಯವಾದ ಕಾಗದದಲ್ಲಿ ಕತ್ತರಿಸಿಕೊಡಲು ನಾವು ಮೂರು ಜನ ಪೋಷಕರು ಮುಂದೆ ಬಂದೆವು. ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ನಾವು ಶಾಲೆ ಬಿಡುವವರೆಗೂ ಹಳೆಯ ಸೆಟ್ಟೇ ಇತ್ತು. ಪರಿಣಾಮವಾಗಿ ಮಗಳು ಇಂಗ್ಲಿಷಿನ ಅಕ್ಷರಗಳನ್ನು ಬೆರಳಿನಿಂದ ಕಲಿತಳು, ಕನ್ನಡದವನ್ನು ನನ್ನ ಹತ್ತಿರ ರಾಗಿಹಿಟ್ಟು ಹರಡಿದ ತಟ್ಟೆಯಲ್ಲಿ ತಿದ್ದಿ ಕಲಿತಳು.

ಇನ್ನೊಂದು ಲೋಪ ದೊಡ್ಡವರದು. ಈ ಪದ್ಧತಿಯಲ್ಲಿ ಬೆಳಗಿನ ಮೂರು ಗಂಟೆ ಅಡ್ಡಿಯಿಲ್ಲದೆ ಮಗುವಿನ ಕೈಯಲ್ಲಿರಬೇಕು. ಮುಖ್ಯಸ್ಥೆ ಕೋಣೆಯಲ್ಲಿದ್ದ ದಿನ ಅದು ಹಾಗೆಯೇ ನಡೆಯುತ್ತಿತ್ತು. ಮೂರನೆಯ ವರ್ಷ ಅವರು ರಜೆಯಲ್ಲಿದ್ದ ಎರಡು ತಿಂಗಳು, ತರಬೇತಿ ಇಲ್ಲದ ಒಬ್ಬರು ಬಂದರು. ಪ್ರೀತಿಯ ಮನುಷ್ಯರು, ಆದರೆ ಮಗು ಒಂದು ಘನ ಇಟ್ಟ ಕೂಡಲೇ "ವೆರಿ ಗುಡ್" ಎಂದು ಚಪ್ಪಾಳೆ ತಟ್ಟುವರು, ಎರಡನೆಯದು ಓರೆಯಾದರೆ ತಾವೇ ನೆಟ್ಟಗೆ ಮಾಡುವರು. ಆ ಅವಧಿಯಲ್ಲಿ ನಾನು ಕುರ್ಚಿಯಲ್ಲಿ ಕುಳಿತಾಗ ಮಕ್ಕಳ ಕಣ್ಣು ಕೈಯಲ್ಲಿನ ವಸ್ತುವಿನ ಮೇಲಿರದೆ ಪ್ರತಿ ಬಾರಿಯೂ ಅವರ ಮುಖದ ಕಡೆಗೆ ಹೋಗುತ್ತಿತ್ತು. ಅದೇ ಕೋಣೆ, ಅದೇ ಕಪಾಟು, ಅದೇ ಸಾಧನ, ಆದರೆ ಅಲ್ಲಿದ್ದ ಮೌನ ಹೋಗಿಬಿಟ್ಟಿತ್ತು. ಡಿಸೆಂಬರಿನ ವಾರ್ಷಿಕೋತ್ಸವದ ನೃತ್ಯಾಭ್ಯಾಸವೂ ಪ್ರತಿ ವರ್ಷ ಮೂರು ವಾರಗಳ ಬೆಳಗನ್ನು ನುಂಗುತ್ತಿತ್ತು. ಇದನ್ನು ಪೋಷಕರಾದ ನಾವೇ ಕೇಳಿ ಪಡೆಯುತ್ತೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮೂರನೆಯ ವರ್ಷದ ಕೊನೆಗೆ ಮಗಳ ಕೈಗೆ ಟ್ರೈನಾಮಿಯಲ್ ಕ್ಯೂಬ್ ಬಂತು. ಬಣ್ಣ ಬಳಿದ 27 ಮರದ ತುಂಡುಗಳನ್ನು ಪೆಟ್ಟಿಗೆಯೊಳಗೆ ಜೋಡಿಸಿದರೆ ಒಂದು ದೊಡ್ಡ ಘನವಾಗುತ್ತದೆ. ಮೂರು ಪದಗಳ ಮೊತ್ತದ ಘನವನ್ನು ಬಿಡಿಸುವ ಬೀಜಗಣಿತದ ಸೂತ್ರವೇ ಮರದಲ್ಲಿ ಕಡೆದಿಟ್ಟಂತೆ ಅಲ್ಲಿದೆ. ಮಗುವಿಗೆ ಸೂತ್ರ ಬೇಡ, ಒಗಟು ಸಾಕು. ಸರಿಬಣ್ಣದ ಮುಖಕ್ಕೆ ಸರಿಬಣ್ಣದ ಮುಖ ತಾಗಿಸುತ್ತ ಅವಳು ಅದನ್ನು ಕಟ್ಟಿದ ದಿನ ನಾನು ಅಲ್ಲಿರಲಿಲ್ಲ. ಅವಳೇ ಮನೆಗೆ ಬಂದು ಪಡಸಾಲೆಯಲ್ಲಿ ಬೆಂಕಿಪೊಟ್ಟಣಗಳನ್ನು ಜೋಡಿಸಿ ತೋರಿಸಿದಳು.

ಮನೆಗೇ ಇಂಥ ಸಾಧನಗಳನ್ನು ತರಿಸಿಕೊಳ್ಳಬಹುದೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಗಾತ್ರದ ಪಿಂಕ್ ಟವರ್ ಒಂದನ್ನು ತರಿಸಿ ನೋಡಿದೆವು: ಘನಗಳ ಅಂಚು ದುಂಡಗೆ ಉಜ್ಜಿ ಅಳತೆ ತಪ್ಪಿತ್ತು. ಅದಕ್ಕೆ ಹಣ ಹಾಕುವುದು ಬೇಡ. ಚನ್ನಪಟ್ಟಣದ ಹಾಲೆಮರದ, ಅರಗಿನ ಬಣ್ಣದ ಆಟಿಕೆಗಳು ಮಗುವಿನ ಕೈಗೂ ಬಾಯಿಗೂ ಹಿತವಾದವು, ಆದರೆ ಅವು ಆಟಿಕೆಗಳು, ಒಂದು ಗುಣವನ್ನು ಮಾತ್ರ ಬೇರ್ಪಡಿಸಿ ತೋರಿಸಲೆಂದು ಮಾಡಿದವಲ್ಲ. ಮನೆಯಲ್ಲಿ ಹೆಸರುಕಾಳು, ಅವರೆಕಾಳು, ಕಡಲೆಯನ್ನು ಬೆರೆಸಿಕೊಟ್ಟು ಕಣ್ಣು ಮುಚ್ಚಿ ಬೇರ್ಪಡಿಸಲು ಹೇಳಿದರೆ ಸಾಕು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಹುಣಸೆಬೀಜ ಒಂದೊಂದಾಗಿ ಬಿಡುತ್ತ ಹೋಗುವ ಬೆರಳಿಗೆ ಎಣಿಕೆ ಹೇಗೆ ಹತ್ತುತ್ತದೆ ಎಂಬುದನ್ನು ನಮ್ಮ ಅಜ್ಜಿಯರು ನೋಡಿಯೇ ಇದ್ದರು.

ಶುಲ್ಕ ಮೂರನೆಯ ವರ್ಷ 68 ಸಾವಿರ ರೂಪಾಯಿ ಆಯಿತು, ಸಾಧನಗಳ ದುರಸ್ತಿಗೆಂದು ಬೇರೆಯಾಗಿ ಏನೂ ಕೇಳಲಿಲ್ಲ. ಕೇಳಿ, ಆ ಹಣದಲ್ಲಿ ಮಾಸಿದ ಹಲಗೆಗಳನ್ನು ಬದಲಿಸಿದ್ದರೆ ನಾನು ಸಂತೋಷದಿಂದ ಕೊಡುತ್ತಿದ್ದೆ. ಇಂಥ ಶಾಲೆಯನ್ನು ನೋಡಲು ಹೋಗುವವರು ಗೋಡೆಯ ಚಿತ್ರಗಳನ್ನೂ ಆಟದ ಜಾರುಬಂಡೆಯನ್ನೂ ಬಿಟ್ಟು, ಕಪಾಟಿನ ಮುಂದೆ ಮಂಡಿಯೂರಿ ಕುಳಿತು ಸಿಲಿಂಡರ್ ಬ್ಲಾಕಿನ ಒಂದು ಕೊಂತವನ್ನು ಪಕ್ಕದ ಕುಳಿಗೆ ಹಾಕಿ ನೋಡಿ. ಬಟ್ಟೆಯ ಪೆಟ್ಟಿಗೆಯನ್ನು ಕಣ್ಣು ಮುಚ್ಚಿ ಮುಟ್ಟಿ. ಕನ್ನಡದ ‘ಅ’ ಅಕ್ಷರದ ಮೇಲೆ ಎರಡು ಬೆರಳು ಹಾಯಿಸಿ. ಮಗು ತಪ್ಪು ಮಾಡುತ್ತಿರುವಾಗ ಶಿಕ್ಷಕಿಯ ಕೈ ಎಲ್ಲಿರುತ್ತದೆ ಎಂದು ಒಂದು ಗಂಟೆ ಕುಳಿತು ನೋಡಲು ಅನುಮತಿ ಕೇಳಿ. ಅನುಮತಿ ಕೊಡದ ಶಾಲೆಯಾದರೆ ಮುಂದಿನದಕ್ಕೆ ಹೋಗಿ.

ನಮ್ಮ ಮಗನಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಅದೇ ಶಾಲೆಗೆ ಅವನ ಅರ್ಜಿಯನ್ನು ಜನವರಿಯಲ್ಲೇ ಕೊಟ್ಟಿದ್ದೇವೆ. ಅರ್ಜಿಯ ಜೊತೆ, ಊರಿನ ನಿವೃತ್ತ ಮೇಷ್ಟರೊಬ್ಬರ ಕೈಯಲ್ಲಿ ದುಂಡಗೆ ಬರೆಸಿದ ಕನ್ನಡದ 13 ಸ್ವರಗಳನ್ನು ನಯವಾದ ಕಾಗದದಲ್ಲಿ ಕತ್ತರಿಸಿ, ಹಲಗೆಗೆ ಅಂಟಿಸಿ, ಆರಂಭದ ಜಾಗಕ್ಕೆ ಒಂದೊಂದು ಚುಕ್ಕೆ ಇಟ್ಟು ಮುಖ್ಯಸ್ಥೆಗೆ ತಲುಪಿಸಿದ್ದೇನೆ. ವ್ಯಂಜನಗಳ ಕೆಲಸ ಮನೆಯಲ್ಲಿ ನಡೆಯುತ್ತಿದೆ; ಮಗಳು ಪ್ರತಿ ಹಲಗೆಯನ್ನೂ ಮೊದಲು ತಾನು ಸವರಿ ನೋಡಿ, ಗೆರೆ ಒರಟಾದ ಕಡೆ ನನಗೆ ತೋರಿಸುತ್ತಾಳೆ.